ಅಂಗೈ ಛಾಪದ ಕಾಡಿಗೆ

ಅವ್ವಾ,

ನಿನ್ನ ಗೌರಿ ಬರೆಯುತ್ತಿದ್ದೇನೆ, ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು. ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಬದುಕಿದ್ದಾಗಲೂ ಯಾರ ಕಾಗದ ಬಂದರೂ ನನ್ನ ಕೈಗೆ ಕೊಟ್ಟು, "ಓದವ್ವಾ, ಸಾವಕಾಶ ಓದು" ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಇದನ್ನೂ ಬರೆದು ಮುಗಿಸಿ ಗಟ್ಟಿಯಾಗಿ ಓದುತ್ತೇನೆ. ಸಾವಕಾಶವಾಗಿ ಮಾತ್ರ ಓದಲಾರೆ. ನನಗೆ ಸಿಟ್ಟು ಬಂದಿದೆ ಅವ್ವಾ. ನೀನು ಹೋದ ಮೇಲೆ ಬಂದ ಈ ಸಿಟ್ಟನ್ನು ಯಾರ ಮುಂದೆ ಹೇಳಿದರೂ "ಮುಗೀತಲ್ಲ, ಗೆದ್ದೆಯಲ್ಲ, ಇನ್ನೇನು?" ಅನ್ನುತ್ತಾರೆ. ನೀನು ಹಾಗನ್ನುತ್ತಿರಲಿಲ್ಲ.

ಡಬ್ಬಿಗೆ ಛಾಪ ಮಾಡಿಸಲು ಕಲಬುರ್ಗಿಗೆ ಹೋದದ್ದು ನೆನಪಿದೆಯಾ? ಅಲ್ಲಿಯವರೆಗೆ ನಿನ್ನ ಕಾಡಿಗೆ ಊರೊಳಗಿನ ಬಾಣಂತಿಯರಿಗೆ, ಕೂಸುಗಳಿಗೆ ಅಷ್ಟೇ ಇತ್ತು. ಸ್ಟೇಶನ್ ಬಜಾರದ ಈರಪ್ಪ ಸಾವ್ಕಾರ ತನ್ನ ಅಂಗಡಿಯಲ್ಲಿಟ್ಟು ಮಾರುತ್ತೇನೆಂದು ಮುಂದೆ ಬಂದ. "ಶರಣಕ್ಕಾ, ನಿಮ್ಮ ಕಾಡಗಿ ಭಾಳ ಚೊಲೋ ಅದ. ಖರೆ ಒಂದು ಛಾಪ ಬೇಕು ನೋಡ್ರಿ. ಓದಾಕ ಬರದವ್ರು ಛಾಪ ನೋಡೇ ಕೇಳ್ತಾರ" ಅಂದ. ಅಚ್ಚು ಕೆತ್ತುವವನು, "ಯಾವ ದೇವರು ಕೆತ್ಲಿ? ಲಕ್ಷ್ಮೀನೋ, ಗಣಪತೀನೋ?" ಎಂದು ಕೇಳಿದಾಗ ನೀನು ಗಂಟಿನಿಂದ ಕಾಡಿಗೆಯ ಬಟ್ಟಲು ತೆಗೆದು, ಅಂಗೈಗೆ ಬಳಿದುಕೊಂಡು, ಅವನ ಮುಂದಿದ್ದ ಕಾಗದದ ಮೇಲೆ ಒತ್ತಿಬಿಟ್ಟೆ. "ಇದನ್ನ ಕೆತ್ತಪಾ. ಮಾಡಿದ್ದು ದೇವರಲ್ಲ, ನಾ." ಒಳಕಲ್ಲಿಗೆ ಸಿಕ್ಕಿ ಸೊಟ್ಟಗಾಗಿದ್ದ ನಿನ್ನ ಕಿರುಬೆರಳೂ ಹಾಗೇ ಮೂಡಿತ್ತು. ಅವನು ನೆಟ್ಟಗೆ ಕೆತ್ತಲಾ ಎಂದು ಕೇಳಿದ. "ನನ್ನ ಬೆರಳು ನೆಟ್ಟಗ ಮಾಡೂದು ಆ ವೈದ್ಯನ ಕಡೀಂದನೂ ಆಗಿಲ್ಲ, ನಿನ್ನ ಕಡೀಂದ ಆಗ್ತದೇನು?" ಅಂದೆ. ಅವನು ನಕ್ಕ, ಇದ್ದ ಹಾಗೇ ಕೆತ್ತಿದ.

ನಾನು ಸಣ್ಣವಳಿದ್ದಾಗ ಒಮ್ಮೆ ಔಡಲ ಎಣ್ಣೆ ತೀರಿತೆಂದು ದೀಪಕ್ಕೆ ಕಂದೀಲಿನ ಚಿಮಣಿ ಎಣ್ಣೆ ಹಾಕಲು ಹೋಗಿದ್ದೆ. ನೀನು ಓಡಿ ಬಂದು ಪಣತಿಯನ್ನೇ ಕಸಿದುಕೊಂಡು ಅಂಗಳಕ್ಕೆ ಎಸೆದೆ. "ಇದು ಗೋಡೀಗಿ ಹಚ್ಚೂದಲ್ಲ, ಕಣ್ಣಿಗಿ ಹಚ್ಚೂದು" ಎಂದು ಬೈದೆ. ಗರುಗದ ಸೊಪ್ಪಿನ ರಸದಲ್ಲಿ ಬಟ್ಟೆ ನೆನೆಸಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ತಾಮ್ರದ ತಟ್ಟೆಗೆ ಕೂತ ಕಪ್ಪನ್ನು ಹಸುವಿನ ತುಪ್ಪದಲ್ಲಿ ಅರೆಯುತ್ತಿದ್ದೆ. ಅರೆದದ್ದನ್ನು ಮೊದಲು ನಿನ್ನ ಕಣ್ಣಿಗೇ ಹಚ್ಚಿಕೊಂಡು ನೋಡುತ್ತಿದ್ದೆ. ಉರಿ ಇಲ್ಲ ಅಂದ ಮೇಲೇ ಡಬ್ಬಿ ತುಂಬುವುದು. ಅಪ್ಪ ತೀರಿದ ಮೇಲೆ ಆ ಡಬ್ಬಿಗಳೇ ನನ್ನನ್ನು ಬೆಳೆಸಿದವು, ಅಯ್ಯನವರ ಸಾಲೆಗೆ ಕಳಿಸಿದವು, ಮದುವೆ ಮಾಡಿದವು. ಕಲಬುರ್ಗಿಯ ಹೆಂಗಸರು ಹೆಸರು ಹೇಳುವ ಬದಲು ಅಂಗಡಿಯಲ್ಲಿ ಬರೀ ಅಂಗೈ ತೋರಿಸುತ್ತಿದ್ದರಂತೆ. ಅದನ್ನು ಕೇಳಿ ನೀನು ಎಷ್ಟು ನಕ್ಕಿದ್ದೆ...

ನಿನಗೆ ಜ್ವರ ಬಂದ ದಿನಗಳಲ್ಲಿ ಈರಪ್ಪ ಸಾವ್ಕಾರ ನೋಡಲು ಬಂದಿದ್ದ, ನೆನಪಿದೆಯಾ? ನಿನಗೆ ಅರೆ ಎಚ್ಚರ. ಅವನು ಕಾಲ ಬಳಿ ಕೂತು, "ಅಕ್ಕಾ, ಏನೂ ಕಾಳಜಿ ಮಾಡಬ್ಯಾಡ್ರಿ" ಅಂದ. ನೀನು ಬಾಯಿ ಬಿಡಲಿಲ್ಲ. ಸುಮ್ಮನೆ ತಲೆ ಅಲ್ಲಾಡಿಸಿದೆ. ಅಷ್ಟೇ. ನಾನು ಅಲ್ಲೇ ಇದ್ದೆ, ನಿನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ. ಆ ಅಷ್ಟನ್ನು ಅವನು ಆಮೇಲೆ ಏನು ಮಾಡಿದ ಅನ್ನುವುದನ್ನು ಹೇಳಲಿಕ್ಕೇ ಈ ಕಾಗದ. ನಿನ್ನನ್ನು ಸಮಾಧಿ ಮಾಡಿದ ದಿನವೂ ಬಂದ, ಎಲ್ಲರಿಗಿಂತ ಗಟ್ಟಿಯಾಗಿ ಅತ್ತ. ಮುಂದಿನ ಸಲ ನಿನ್ನ ಅಳಿಯ, ಬಾಳೆಗೊನೆಯ ಗಾಡಿಯಲ್ಲಿ ಡಬ್ಬಿಗಳನ್ನೂ ಇಟ್ಟುಕೊಂಡು ಹೋದರೆ ವಾಪಸು ಕಳಿಸಿದ. "ಅಕ್ಕ ಹೋದ ಮ್ಯಾಲ ಗಿರಾಕಿ ಕೇಳೂದು ಬಿಟ್ಟಾರ. ಸದ್ಯಕ್ಕ ಬ್ಯಾಡ" ಎಂದು ಹೇಳಿದನಂತೆ.

ಹಲೀಮಾ ಬೀ ಬಂದ ಮಧ್ಯಾಹ್ನ ನಾನು ಅಂಗಳದಲ್ಲಿ ಬತ್ತಿ ಒಣಹಾಕುತ್ತಿದ್ದೆ. ಆಕೆಯ ಗಂಡ ಕಲಬುರ್ಗಿ ಸ್ಟೇಶನ್ನಿನಲ್ಲಿ ಟಾಂಗಾ ಹೊಡೆಯುವವನು. ಅದೇ ಟಾಂಗಾದಲ್ಲಿ ನಮ್ಮ ಊರು ಹುಡುಕಿಕೊಂಡು ಬಂದಿದ್ದರು. ಬುರ್ಖಾದ ಮುಸುಕು ಎತ್ತಿ, ಕಂಕುಳಲ್ಲಿದ್ದ ಹೆಣ್ಣುಕೂಸನ್ನು ನನ್ನ ಮುಖದ ಹತ್ತಿರ ಹಿಡಿದಳು. ಕೂಸಿನ ಒಂದು ಕಣ್ಣು ಬಾತು ಕೀವು ಕಟ್ಟಿತ್ತು. ಇನ್ನೊಂದೂ ಕೆಂಪಾಗಿತ್ತು.

"ನೋಡ್ರಿ! ಕಣ್ಣು ಬಿಚ್ಚಿ ನೋಡ್ರಿ! ನಿಮ್ಮ ಕೈ ಛಾಪ ನೋಡಿ ತೊಗೊಂಡೀನಿ. ನಮ್ಮ ಅಮ್ಮಾನೂ ನಂಗ ಇದೇ ಹಚ್ಚತಿದ್ಳು. ನನ್ನ ಬೇಟೀಗಿ ಏನು ಹಾಕೀರಿ ಇದರಾಗ?"

ಡಬ್ಬಿಯನ್ನು ನನ್ನ ಕಾಲ ಬಳಿ ಎಸೆದಳು. ನಾನು ಎತ್ತಿ ನೋಡಿದೆ. ನಿನ್ನ ಕೈ. ನಿನ್ನದೇ ಸೊಟ್ಟ ಕಿರುಬೆರಳು. ಮುಚ್ಚಳ ತೆಗೆದೆ, ಮೂಗಿಗೆ ಹಿಡಿದೆ. ಚಿಮಣಿ ಎಣ್ಣೆಯ ವಾಸನೆ ಗಪ್ಪನೆ ಹೊಡೆಯಿತು ಅವ್ವಾ. ನೀನು ಅಂಗಳಕ್ಕೆಸೆದಿದ್ದ ಅದೇ ಚಿಮಣಿ ಎಣ್ಣೆಯ ಮಸಿ, ನಿನ್ನ ಕೈಯ ಕೆಳಗೆ, ಒಂದು ಹಸುಗೂಸಿನ ಕಣ್ಣಿಗೆ. "ಇದು ನಮ್ಮದಲ್ಲವ್ವಾ" ಎಂದು ಹೇಳಿದೆ. ಆಕೆ ಯಾಕೆ ನಂಬಬೇಕು? ನಾನಾಗಿದ್ದರೆ ನಂಬುತ್ತಿದ್ದೆನಾ? ನಮ್ಮ ಕಾಡಿಗೆಯ ಬಟ್ಟಲು ತಂದು ಆಕೆಯ ಮುಂದೆ ಹಿಡಿದೆ. ಮೂಸಿದಳು. ನನ್ನ ಕಣ್ಣಿಗೆ ಹಚ್ಚಿಕೊಂಡು ತೋರಿಸಿದೆ. ಆಮೇಲೆ ಕಟ್ಟೆಯ ಮೇಲೆ ಕೂತು, "ಹಂಗಾದ್ರ ಇದು ಯಾರ ಕೈ ಅದ?" ಎಂದು ಕೇಳಿದಳು.

ಮಾರನೆಯ ದಿನವೇ ನಾವಿಬ್ಬರೂ ಗಂಡಹೆಂಡತಿ ಸ್ಟೇಶನ್ ಬಜಾರಕ್ಕೆ ಹೋದೆವು. ರೈಲಿನಿಂದ ಇಳಿದವರ ಗದ್ದಲ, ಹಮಾಲರ ಕೂಗು, ಅದರ ನಡುವೆ ಈರಪ್ಪ ಸಾವ್ಕಾರನ ಅಂಗಡಿಯಲ್ಲಿ ನಿನ್ನ ಕೈಗಳು. ಸಾಲಾಗಿ, ಮೇಲಿನ ಹಲಗೆಯವರೆಗೆ. ಗಿರಾಕಿ ಬಿಟ್ಟಾರ ಅಂದವನು ಹೆಂಗಸರ ಗುಂಪಿಗೆ ಎರಡೂ ಕೈಯಿಂದ ಡಬ್ಬಿ ಕೊಡುತ್ತಿದ್ದ. ನನ್ನನ್ನು ನೋಡಿ ಸ್ವಲ್ಪವೂ ಅಳುಕಲಿಲ್ಲ.

"ಬಾ ತಂಗಿ, ಕೂಡು. ನೀರು ಕುಡೀತಿ?"

"ಇದು ನಮ್ಮ ಅವ್ವನ ಕೈ ಅದ ಸಾವ್ಕಾರ."

"ಕೈ ಅಂದ್ರ ಎಲ್ಲಾರದೂ ಕೈನೇ ಅಲಾ ತಂಗಿ? ಮೊಹರಮ್ಮಿನಾಗ ಕೈ ಆಕಾರದ ಪಂಜಾ ಹಿಡೀತಾರ, ಮದುವಿ ಮನೀ ಗೋಡಿಗಿ ಅಂಗೈ ಒತ್ತತಾರ. ಅವ್ರನ್ನೆಲ್ಲಾ ಹಿಡಕೊಂಡು ಕೇಳ್ತೀಯೇನು?"

"ಒಂದು ಕೂಸಿನ ಕಣ್ಣು ಹೋಗಾಕತ್ತದ ನಿಮ್ಮ ಕಾಡಗಿಗಿ."

"ಕೂಸಿಗಿ ನೂರು ಬ್ಯಾನಿ ಬರ್ತಾವ. ಹೋಗು, ಮನೀಗಿ ಹೋಗು. ಹೆಣ್ಣುಮಗಳು ಬಜಾರದಾಗ ನಿಂತು ಜಗಳಾ ಆಡೂದು ಚಂದ ಕಾಣಲ್ಲ."

ಚಂದ! ಅವನಿಗೆ ಚಂದದ ಚಿಂತೆ. ಆ ಹೊತ್ತಿನಲ್ಲಿ ನನ್ನ ಕೈಗೆ ಏನಾದರೂ ಸಿಕ್ಕಿದ್ದರೆ... ನಿನ್ನ ಅಳಿಯ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದರು.

ವಕೀಲರಾದ ಖಾದರ್ ಸಾಹೇಬರ ಮನೆಯಲ್ಲಿ ಚಾಪೆಯ ಮೇಲೆ ಕೂತಾಗ ನನಗೆ ಗೊತ್ತಾದದ್ದು ಇಷ್ಟು: ನಮ್ಮ ನಿಜಾಮರ ಸೀಮೆಯಲ್ಲಿ ಹೊಲ ನಿನ್ನದು ಅನ್ನಲು ದಾಖಲೆ ಇದೆ, ಮನೆ ನಿನ್ನದು ಅನ್ನಲು ದಾಖಲೆ ಇದೆ. ಡಬ್ಬಿಯ ಮೇಲಿನ ಛಾಪ ನಿನ್ನದು ಅನ್ನಲು ಬರೆದಿಡುವ ದಫ್ತರವೇ ಇಲ್ಲ. "ಹಂಗಂತ ಹಕ್ಕು ಇಲ್ಲ ಅಂತಲ್ಲಮ್ಮಾ" ಅಂದರು ಸಾಹೇಬರು, ಒಳ್ಳೆಯವರು. "ಮೊದಲು ಯಾರು ಹಾಕಿದ್ರು, ಆ ಛಾಪ ನೋಡಿ ಜನ ಯಾರ ಮಾಲು ಅಂತ ತಿಳೀತಾರ, ಅದನ್ನ ಗವಾಹಿ, ಸಾಕ್ಷಿ ಕೊಟ್ಟು ಸಾಬೀತು ಮಾಡಬೇಕು. ಇನ್ನೊಬ್ಬ ಅದೇ ಛಾಪ ಹಾಕಿ ತನ್ನ ಮಾಲು ನಿಮ್ಮದು ಅಂತ ಮಾರಿದ್ರ ಅದು ಧೋಕಾ. ಅದಾಲತ್ತು ತಡೀತದ." ಆಮೇಲೆ ಲೇಖನಿ ಎತ್ತಿ ನಿನ್ನ ಅಳಿಯನ ಕಡೆ ತಿರುಗಿದರು. "ನಿಮ್ಮ ಹೆಸರು, ತಂದಿ ಹೆಸರು ಹೇಳ್ರಿ."

"ನನ್ನ ಹೆಸರು ಯಾಕ್ರಿ?" ಅಂದರು ಇವರು.

"ಮುದ್ದಈ, ಅಂದ್ರ ದಾವೆ ಹೂಡವ್ರು, ನೀವೇ ಅಲಾ? ಹೆಣ್ಣುಮಗಳ ಹೆಸರಿಲೆ ಹಾಕಿದ್ರ ಎದುರಿನವ್ರು ಹತ್ತು ತಕರಾರು ತೆಗೀತಾರ."

"ನಾ ಬಾಳಿ ಬೆಳಿಯಾಂವ ರೀ. ಒಂದು ದಿನಾನೂ ಆ ದೀಪ ಹಚ್ಚಿಲ್ಲ. ಕಾಡಗಿ ನಮ್ಮ ಅತ್ತೀದು, ಈಗ ಇಕೀದು. ಇಕೀ ಹೆಸರೇ ಬರೀರಿ."

ನೀನು ಈ ಅಳಿಯನನ್ನು ಆರಿಸಿದಾಗ ನಾನು ಮಾತಾಡುವುದೇ ಕಡಿಮೆ ಇವರು ಎಂದು ಮುನಿಸಿಕೊಂಡಿದ್ದೆ. ಆ ದಿನ ಇವರಾಡಿದ ನಾಲ್ಕು ಮಾತು ಸಾಕಾಯಿತು. ಅರ್ಜಿ ಉರ್ದುವಿನಲ್ಲಿ ಬರೆದರು. ನನ್ನ ಸಿಟ್ಟು, ನಿನ್ನ ಕೈ, ಎಲ್ಲ ಬಲದಿಂದ ಎಡಕ್ಕೆ ಹರಿಯಿತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಕೆಳಗೆ ನಾನು ಕನ್ನಡದಲ್ಲಿ ರುಜು ಹಾಕಿದೆ.

ಅದಾಲತ್ತಿಗೆ ಎಷ್ಟೋ ಸಲ ಅಲೆದ ಮೇಲೆ ಕಡೆಗೂ ವಿಚಾರಣೆ ಆದ ದಿನ, ಈರಪ್ಪ ಸಾವ್ಕಾರ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಅಂಗಡಿಯಲ್ಲಿ ಹೇಳಿದ್ದನ್ನೇ ಮೊದಲು ಹೇಳಿದ: ಅಂಗೈ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದು. ಆಮೇಲೆ, ಕೇಳು ಅವ್ವಾ, ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಇಷ್ಟಾದರೂ ಶರಣಮ್ಮ ಸಾಯೂಕಿಂತ ಮೊದಲು ಈ ಛಾಪ ನನಗೇ ಕೊಟ್ಟಾಳ. ನಾ ಕೇಳ್ದೆ, ಆಕೀ ತಲಿ ಅಲ್ಲಾಡಿಸಿದ್ಳು" ಅಂದ.

ಆ ಜ್ವರದಲ್ಲಿ ಅಲ್ಲಾಡಿದ ನಿನ್ನ ತಲೆ! ಸತ್ತವರು ಎದ್ದು ಬಂದು ಅಲ್ಲ ಅನ್ನುವುದಿಲ್ಲ ಎಂಬ ಧೈರ್ಯ ನೋಡು ಅವನದು. ನಿನ್ನ ಕೈ ಕದ್ದದ್ದು ಸಾಲದೆಂದು ನಿನ್ನ ಮಾತನ್ನೂ ತಾನೇ ತಯಾರು ಮಾಡಿಕೊಂಡ. ನಾನು ಎದ್ದು ನಿಂತೆ. ಖಾದರ್ ಸಾಹೇಬರು ಕೂಡಲು ಸನ್ನೆ ಮಾಡಿದರು. ಕೂಡಲಿಲ್ಲ.

"ಹುಜೂರ್, ನನಗೊಂದು ಕೇಳೂದದ" ಅಂದೆ. ಮುನ್ಸಿಫ್ ಸಾಹೇಬರು ನನ್ನ ಕಡೆ ನೋಡಿ ತಲೆದೂಗಿದರು. ನಾನು ಈರಪ್ಪನ ಕಡೆ ತಿರುಗಿದೆ. "ಆ ಕೈ ಎಲ್ಲಾರದೂ ಆಗಿತ್ತಂದ್ರ, ಸಾಯಾಕತ್ತ ನಮ್ಮ ಅವ್ವನ ಮುಂದ ಕೂತು ನೀವು ಅದನ್ನ ಯಾಕ ಕೇಳಿದ್ರಿ? ನಿಮ್ಮಲ್ಲೂ ಎರಡು ಕೈ ಇದ್ವಲಾ, ನಿಮ್ದೇ ಒಂದು ಒತ್ತಬೇಕಿತ್ತಲಾ?"

ಅಲ್ಲಿದ್ದ ಗುಮಾಸ್ತ ನನ್ನ ಮಾತನ್ನು ಉರ್ದುವಿಗೆ ಮಾಡಿ ಹೇಳುವುದರೊಳಗೆ ಹಿಂದೆ ನಿಂತವರು ನಕ್ಕುಬಿಟ್ಟಿದ್ದರು. ಈರಪ್ಪ ತನ್ನ ವಕೀಲರ ಮುಖ ನೋಡಿದ. ಮುನ್ಸಿಫ್ ಸಾಹೇಬರು ನಮ್ಮ ಡಬ್ಬಿ, ಅವನ ಡಬ್ಬಿ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಸೊಟ್ಟ ಕಿರುಬೆರಳಿನ ಮೇಲೆ ತಮ್ಮ ಬೆರಳಿಟ್ಟು, "ಪಂಜಾದೊಳಗ ಇದು ಎಲ್ಲಿ ಇರ್ತದ?" ಎಂದು ಗುಮಾಸ್ತನಿಂದ ಕೇಳಿಸಿದರು.

ಹಲೀಮಾ ಬೀಯನ್ನು ಸಾಕ್ಷಿಗೆ ಕರೆದಾಗ ಆಕೆಯ ಕಂಕುಳಲ್ಲಿ ಕೂಸಿತ್ತು. ಅಷ್ಟೊತ್ತಿಗೆ ಬಾವು ಇಳಿದಿತ್ತು. ಆದರೆ ಆ ಒಂದು ಕಣ್ಣಿನ ಮೇಲೆ ಬಿಳಿ ಪೊರೆ ಕೂತುಬಿಟ್ಟಿತ್ತು. ದವಾಖಾನೆಯವರು ಕೈ ಚೆಲ್ಲಿದ್ದರು. ಯಾವ ಛಾಪ ನೋಡಿ ತೊಗೊಂಡಿ, ಯಾರ ಮಾಲು ಅಂತ ತಿಳಿದಿ ಎಂದು ಕೇಳಿದರು. ಆಕೆ ಹೇಳಿದಳು. ಹೇಳಿ, ಕೂಸಿನ ಮುಖ ಎತ್ತಿ, "ಇದು ನೋಡ್ರಿ ಹುಜೂರ್, ಈ ಕಣ್ಣು..." ಅಂದಳು.

"ಕೇಳಿದಷ್ಟಕ್ಕೆ ಜವಾಬು ಹೇಳು" ಎಂದು ತಡೆದರು.

"ಆದ್ರ ಹುಜೂರ್, ನನ್ನ ಬೇಟಿ..."

"ಅದು ಈ ಮುಕದ್ದಮೆಯ ಬಾಬತ್ತು ಅಲ್ಲ."

ಆಕೆ ಇಳಿದು ಬಂದಳು. ಅವ್ವಾ, ನಾನು ಆ ಹೊತ್ತಿಗೆ ಗೆದ್ದ ಹುಮ್ಮಸ್ಸಿನಲ್ಲಿದ್ದೆ. ಆಕೆ ಕೂಸಿನ ಮುಖವನ್ನು ಎದೆಗೊತ್ತಿಕೊಂಡು ನನ್ನ ಮುಂದೆಯೇ ಹಾದು ಹೋದಳು. ಛಾಪ ಯಾರದು ಎಂದು ಅಷ್ಟು ಜನ ಸೇರಿ ಅಷ್ಟು ದಿನ ಕೇಳಿದರಲ್ಲ, ಆ ಕಣ್ಣು ಯಾರದು ಎಂದು ಒಬ್ಬರಾದರೂ ಕೇಳಿದರಾ?

ಫೈಸಲಾ ಓದಿದ ದಿನ ಖಾದರ್ ಸಾಹೇಬರು ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದರು. ಈ ಅಂಗೈ ಕಮಲಾಪುರದ ಶರಣಮ್ಮ ಎಂಬ ಹೆಣ್ಣುಮಗಳದು. ಆಕೆಯ ನಂತರ ಆ ಕಸಬನ್ನು ಮುಂದುವರಿಸಿದ ಮಗಳದು. ಈರಪ್ಪ ಇನ್ನು ಮೇಲೆ ಈ ಛಾಪವನ್ನಾಗಲೀ ಇದನ್ನು ಹೋಲುವ ಛಾಪವನ್ನಾಗಲೀ ಹಾಕಕೂಡದು. ಇದ್ದ ಡಬ್ಬಿಗಳನ್ನು ನಾಶ ಮಾಡಬೇಕು. ಯಾವ ಪಟ್ಟಿಯಲ್ಲೂ, ಯಾವ ಕಾಗದದಲ್ಲೂ ಇಲ್ಲದ ನಿನ್ನ ಹೆಸರು ಸರಕಾರದ ಮೊಹರು ಬಿದ್ದ ಫೈಸಲಾದಲ್ಲಿ ಬಂತು. ನಿನಗೆ ಸಂತೋಷ ಆಯಿತಾ? ನನಗೂ ಆಯಿತು, ಸುಳ್ಳು ಹೇಳುವುದಿಲ್ಲ. ಅದಾಲತ್ತಿನ ಜವಾನರು ಬಂದು ಅಂಗಡಿಯ ಮುಂದೆ ಡಬ್ಬಿಗಳನ್ನು ಸುರಿದು ಬೆಂಕಿ ಹಚ್ಚಿದಾಗ ಚಿಮಣಿ ಎಣ್ಣೆಯ ಮಸಿ ಧಗಧಗ ಉರಿಯಿತು. ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅಂಥದ್ದನ್ನು ಅವನು ಕಣ್ಣಿಗೆ ಮಾರಿದ್ದ.

ಅಲ್ಲಿಂದ ನೇರ ಹಲೀಮಾ ಬೀಯ ಮನೆಗೆ ಹೋದೆ. ನಮ್ಮ ಬಾಳೆತೋಟದ ಕೆಂಪು ಬಾಳೆಯ ಒಂದು ಚಿಪ್ಪು ಕೈಯಲ್ಲಿತ್ತು. ಏನೋ ಒಳ್ಳೆಯ ಸುದ್ದಿ ತಂದವಳ ಹಾಗೆ ಬಾಗಿಲಲ್ಲಿ ನಿಂತೆ. ಆಕೆ ಹಣ್ಣು ತೆಗೆದುಕೊಂಡಳು, ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ಮೆಲ್ಲಗೆ, ಸಿಟ್ಟೇ ಇಲ್ಲದ ದನಿಯಲ್ಲಿ, "ನಿಮ್ಮ ಅಮ್ಮನ ಕೈ ನಿಮಗ ಸಿಕ್ತು ಅಕ್ಕಾ. ಛಲೋ ಆಯ್ತು. ನನ್ನ ಬೇಟೀಗಿ ಏನು ಸಿಕ್ತು?" ಅಂದಳು.

ಏನು ಹೇಳಲಿ? ನೀನಾಗಿದ್ದರೆ ಏನು ಹೇಳುತ್ತಿದ್ದೆ? ನಿನ್ನ ಕೈ ನೋಡಿ ನಂಬಿದ್ದಳು ಆಕೆ. ನಂಬಿಕೆ ನಿನ್ನದು, ಕಳ್ಳತನ ಅವನದು, ಕಣ್ಣು ಆ ಕೂಸಿನದು. ಮೊದಲ ಎರಡಕ್ಕೆ ಅದಾಲತ್ತು ಬಾಗಿಲು ತೆರೆಯಿತು. ಮೂರನೆಯದಕ್ಕೆ ಆ ಟಾಂಗಾದವನ ಹೆಂಡತಿ ಒಬ್ಬಳೇ ಹೊರಗೆ ನಿಂತಿರಬೇಕಾ? ನಾನು ಒತ್ತಾಯಿಸಿದ ಮೇಲೆ ಆಕೆಯ ಗಂಡ ಖಾದರ್ ಸಾಹೇಬರ ಹತ್ತಿರ ಈರಪ್ಪನ ಮೇಲೆ ಬೇರೆ ಫಿರ್ಯಾದು ಬರೆಸಲು ಒಪ್ಪಿದ, ಹೆದರಿಕೊಂಡೇ. ಸಾಹೇಬರು, "ಆ ಡಬ್ಬಿಯೊಳಗ ಇದ್ದದ್ದು ಎಂಥಾದ್ದು, ಅಸಲಿ ಹೆಂಗಿರ್ತದ, ಅದನ್ನ ಬಲ್ಲವ್ರು ಯಾರಾದ್ರೂ ನಿಂತು ಹೇಳಬೇಕು. ಇಲ್ಲಾಂದ್ರ ಕೂಸಿಗಿ ಬ್ಯಾನಿ ಇತ್ತು ಅಂತ ಜಾರಿಕೊಳ್ತಾನ" ಅಂದರು. ನಾನು ನಿಲ್ಲುತ್ತೇನೆ ಅಂದೆ.

ಮೊನ್ನೆ ಈರಪ್ಪ ಸಾವ್ಕಾರ ಇಲ್ಲಿಗೇ ಬಂದಿದ್ದ, ನಿನ್ನ ಮನೆಗೆ. ಕಟ್ಟೆಯ ಮೇಲೆ ಕೂತು ರುಮಾಲು ತೆಗೆದು ಬೆವರು ಒರೆಸಿಕೊಂಡ. ಮಂದಿ ಅವನ ಅಂಗಡಿಗೆ ಬರುವುದು ಕಡಿಮೆಯಾಗಿದೆಯಂತೆ.

"ಗೌರಿ, ಆದದ್ದು ಆತು. ಛಾಪ ನಿನ್ನದು, ಒಪ್ಪಿದೆ. ಮ್ಯಾಲಿನ ಅದಾಲತ್ತಿಗಿ ನಾ ಹೋಗಲ್ಲ. ಮೊದಲಿನಂಗ ನಿನ್ನ ಡಬ್ಬಿ ನಾನೇ ಮಾರಿ ಕೊಡ್ತೀನಿ. ಆ ಟಾಂಗಾದವನ ತಂಟಿ ಒಂದು ನಿನಗ ಯಾಕ? ಅವ್ರು ನಮಗೇನಾಗಬೇಕು?"

"ಅವ್ರು ನಮ್ಮ ಅವ್ವನ ಗಿರಾಕಿ ಸಾವ್ಕಾರ."

"ನೀ ಸಾಕ್ಷಿ ಹೇಳಿದ್ರ ನಾ ಮ್ಯಾಲಿನ ಅದಾಲತ್ತಿಗಿ ಹೋಗ್ತೀನಿ. ಗೆದ್ದದ್ದೂ ಕಳಕೋತೀ, ನೋಡು."

"ಹೋಗ್ರಿ. ಅಲ್ಲೂ ಬರ್ತೀನಿ."

ಅವನು ಎದ್ದು ಹೋಗುವಾಗ ಅಂಗಳದಲ್ಲಿ ಒಣಹಾಕಿದ ಬತ್ತಿಗಳನ್ನು ತುಳಿದುಕೊಂಡೇ ಹೋದ. ಬೇಕೆಂದೇ ಮಾಡಿದನೋ, ಕಣ್ಣು ಕಾಣಲಿಲ್ಲವೋ... ಅವನನ್ನು ನೀನು ಒಂದು ದಿನವೂ ಊಟವಿಲ್ಲದೆ ಕಳಿಸಿದವಳಲ್ಲ. ಹೊಸ ಬಟ್ಟೆ ನೆನೆಸಿ ಮತ್ತೆ ಒಣಹಾಕಿದೆ.

ಇನ್ನೊಂದು ಸುದ್ದಿ ಇದೆ. ಆ ಕೂಸು, ಜೈನಬಿ ಅದರ ಹೆಸರು, ನಡೆಯಲು ಕಲಿತಿದೆ. ಕಾಣುವ ಕಣ್ಣಿನ ಕಡೆಗೆ ಮುಖ ತಿರುಗಿಸಿಕೊಂಡು, ಓರೆಯಾಗಿ, ಗೋಡೆ ಹಿಡಿದು ನಡೆಯುತ್ತದೆ. ಕಾಣದ ಬದಿಯಲ್ಲಿದ್ದ ಹೊಸ್ತಿಲಿಗೆ ಎಡವಿ ಬಿದ್ದರೆ ಅಳುವುದಿಲ್ಲ, ಎದ್ದು ಮತ್ತೆ ಅದೇ ಹೊಸ್ತಿಲಿಗೆ ಬರುತ್ತದೆ. ಹಲೀಮಾ ಬೀ ನೋಡಲಾರದೆ ಆಚೆ ತಿರುಗುತ್ತಾಳೆ. ನಾನು ನೋಡುತ್ತೇನೆ. ನೋಡಬೇಕು, ಯಾಕೆಂದರೆ ಅದನ್ನು ನಾನು ಹೇಳಬೇಕಾಗಿದೆ.

ನಾಳೆ ಬೆಳಿಗ್ಗೆ ಬಾಳೆಯ ಗಾಡಿಯಲ್ಲೇ ಕಲಬುರ್ಗಿಗೆ ಹೊರಡುತ್ತೇವೆ. ಅದಾಲತ್ತಿನಲ್ಲಿ ನನ್ನ ಹೆಸರು ಕೂಗಿದಾಗ ಜೈನಬಿಯನ್ನು ನಾನೇ ಎತ್ತಿಕೊಂಡು ಕಟಕಟೆ ಹತ್ತುತ್ತೇನೆ. ಕೇಳಿದಷ್ಟಕ್ಕೆ ಜವಾಬು ಹೇಳು ಎಂದು ನನಗೂ ಅನ್ನುತ್ತಾರೆ, ಗೊತ್ತು. ಕೇಳಿದ್ದಕ್ಕೆ ಹೇಳುತ್ತೇನೆ. ಆಮೇಲೆ ಕೂಸನ್ನು ನೆಲಕ್ಕಿಳಿಸಿ, ಅವರೆಲ್ಲರ ಮುಂದೆ ನಡೆಯಲು ಬಿಡುತ್ತೇನೆ.

ನಿನ್ನ ಮಗಳು,
ಗೌರಿ